ಯಾರ ಮನೆಯ ಹಳೇ ರೇಡಿಯೋ?

೧

ನನಗೆ ಹಳೇ ಸಾಮಾನಿನ ಹುಚ್ಚು. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಮಾತು ಸಲೀಸು. ಶ್ರೀರಾಂಪುರದಲ್ಲಿರುವ ನನ್ನ ಎರಡು ಕೋಣೆಯ ಮನೆಯಲ್ಲಿ ಒಂದು ವಾಲ್ವ್ ರೇಡಿಯೋ, ಮೂರು ಟೇಪ್‌ರೆಕಾರ್ಡರು, ಶಟರ್ ಎಳೆದು ಬೀಗ ಹಾಕುವಂಥ ಒಂದು ಕಪ್ಪುಬಿಳುಪು ಟೀವಿ ಇವೆ. ಮಂಚದ ಕೆಳಗೆ ಹಳೇ ಪತ್ರಿಕೆಗಳ ಕಟ್ಟು, ಟ್ರಂಕಿನ ತುಂಬ ಕ್ಯಾಸೆಟ್ಟು. ನಮ್ಮ ಸಂಘಟನೆಯ ಹುಡುಗರು ಬಂದರೆ ಬಾಗಿಲಲ್ಲೇ ನಿಂತು, 'ಏನ್ ಮೇಷ್ಟ್ರೇ, ಇದು ಮನೇನೋ ಗುಜರಿ ಅಂಗಡೀನೋ?' ಅಂತ ಕೇಳುತ್ತಾರೆ. ನಾನು ನಗುತ್ತೇನೆ. ಅವರ ಮಾತಿನಲ್ಲಿ ತಪ್ಪಿಲ್ಲ. ಮುಕ್ಕಾಲು ಪಾಲು ಗುಜರಿಯಿಂದಲೇ ಬಂದದ್ದು.

ಈಚೆಗೆ ಇಂಥದೇ ಹುಚ್ಚಿರುವ ನಾಲ್ಕೈದು ಜನ ಮಲ್ಲೇಶ್ವರದ ಒಂದು ಮನೆಯಲ್ಲಿ ಸೇರಿದ್ದರು. ನನ್ನನ್ನೂ ಕರೆದರು, ಹೋದೆ. ಒಳ್ಳೆ ಕಾಫಿ ಕೊಟ್ಟರು. ಗ್ರಾಮಫೋನು ತಿರುಗಿತು. ಸರ್ಕಾರಿ ಹುದ್ದೆಯಿಂದ ನಿವೃತ್ತರಾದ ಒಬ್ಬ ಹಿರಿಯರು ಕಣ್ಣು ಮುಚ್ಚಿ ಕೇಳಿಸಿಕೊಂಡು, ತಟ್ಟೆ ನಿಂತ ಮೇಲೆ ಹೀಗೆ ಅಂದರು: 'ಆಗ ಒಂದೇ ಸ್ಟೇಷನ್ನು, ಒಂದೇ ಚಾನೆಲ್ಲು. ಬಂದದ್ದೆಲ್ಲ ಶುದ್ಧವಾಗಿರ್ತಿತ್ತು. ಈಗ ನೋಡಿ, ಪ್ರತಿಯೊಬ್ಬನೂ ಮಾತಾಡ್ತಾನೆ, ಪ್ರತಿಯೊಬ್ಬನೂ ಬರೀತಾನೆ. ಬರೀ ಕಸ.'

ಎಲ್ಲರೂ ತಲೆಯಾಡಿಸಿದರು. ನಾಚಿಕೆಯ ವಿಷಯ ಅಂದರೆ, ನನ್ನ ತಲೆಯೂ ಅರ್ಧ ಆಡಿತು. ಟೀವಿಯ ಕಿರುಚಾಟ, ವಾಟ್ಸಾಪಿನ ಸುಳ್ಳು ಯಾರಿಗೆ ಬೇಸರ ತಂದಿಲ್ಲ? ಆದರೆ ರೈಲು ಹಳಿ ದಾಟಿ ಶ್ರೀರಾಂಪುರಕ್ಕೆ ವಾಪಸು ಬರುವಾಗ ಆ ಮಾತು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚತೊಡಗಿತು. ಆ 'ಪ್ರತಿಯೊಬ್ಬನೂ' ಅಂದರೆ ಯಾರು? ಮುಂಚೆ ಮಾತಾಡದೆ ಇದ್ದು ಈಗ ಮಾತಾಡುತ್ತಿರುವವನು ಯಾರು? ನಾನೇ ಅಲ್ಲವೆ? ನನ್ನ ಅಪ್ಪನ ಕಾಲದಲ್ಲಿ ಬಾಯಿ ಇಲ್ಲದಿದ್ದ ಜನಕ್ಕೆ ಈಗ ಬಾಯಿ ಬಂದದ್ದೇ ಕಸವೆ?

ಅಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೈಯಲ್ಲಿ ಫೋನಿದ್ದರೆ ಸಾಕು, ಚಳವಳಿ ತಾನಾಗಿ ನಡೆಯುತ್ತದೆ ಅಂದುಕೊಂಡಿರುವ ನಮ್ಮ ಹುಡುಗರಿಗೂ ಇದರಲ್ಲಿ ಒಂದು ಮಾತಿದೆ.

೨

ನನ್ನ ವಾಲ್ವ್ ರೇಡಿಯೋದ ಕತೆಯಿಂದ ಶುರುಮಾಡುತ್ತೇನೆ. ಅದನ್ನು ಕೊಂಡಾಗ ಒಳಗೆ ಒಂದು ಸಣ್ಣ ಪುಸ್ತಕವೂ ಸಿಕ್ಕಿತು: ಲೈಸೆನ್ಸ್ ಪುಸ್ತಕ. ಈಗಿನ ಮಕ್ಕಳಿಗೆ ನಂಬಿಕೆ ಬರಲಿಕ್ಕಿಲ್ಲ. ೧೯೮೦ರ ದಶಕದ ನಡುವಿನವರೆಗೂ ಈ ದೇಶದಲ್ಲಿ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ವರ್ಷಕ್ಕೊಂದು ಸಲ ಮುದ್ರೆ. ಆ ಪುಸ್ತಕದಲ್ಲಿರುವ ಹೆಸರು ಒಬ್ಬ ವಕೀಲರದು. ವಿಳಾಸ ಬಸವನಗುಡಿ. ಅಷ್ಟೂ ಮುದ್ರೆಗಳು ಒಂದೂ ತಪ್ಪದೆ ಬಿದ್ದಿವೆ.

ಆ ಪುಸ್ತಕ ನೋಡಿದಾಗಲೆಲ್ಲ ನನಗೆ ಒಂದು ವಿಷಯ ಹೊಳೆಯುತ್ತದೆ. ಈ ರೇಡಿಯೋ ಹಳೆಯದು, ನಿಜ. ಆದರೆ ಇದು ನನ್ನ ಮನೆಯ ಹಳೆಯದಲ್ಲ. ಇನ್ನೊಬ್ಬರ ಮನೆಯ ಹಳೆಯದು. ನನ್ನ ಅಪ್ಪ ರಾಜಾ ಮಿಲ್ಲಿನಲ್ಲಿ ದುಡಿದವರು. ಅವರ ಹೆಸರಿನ ಲೈಸೆನ್ಸ್ ಪುಸ್ತಕ ಇರಲಿಲ್ಲ. ರೇಡಿಯೋ ಇದ್ದರಲ್ಲವೆ ಲೈಸೆನ್ಸು? ಅಪ್ಪ ಕೇಳುತ್ತಿದ್ದದ್ದು ಟೀ ಅಂಗಡಿಯ ರೇಡಿಯೋ, ಅದೂ ಒಂದು ಟೀ ಮುಗಿಯುವವರೆಗೆ.

'ಆಕಾಶವಾಣಿ' ಅನ್ನುವ ಹೆಸರು ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ. ೧೯೩೫ರಲ್ಲಿ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು. ದೊಡ್ಡ ಕೆಲಸ, ಅದಕ್ಕೆ ಗೌರವ ಇರಲಿ. ಬೆಂಗಳೂರಿಗೆ ಆಕಾಶವಾಣಿ ಬಂದದ್ದು ೧೯೫೫ರಲ್ಲಿ. ಆದರೆ ಆಕಾಶದಿಂದ ಬರುವ ವಾಣಿ ಅಂದರೆ ನಮ್ಮ ಪುರಾಣಗಳಲ್ಲಿ ಏನು? ಮೇಲಿನವರು ಹೇಳುತ್ತಾರೆ, ಕೆಳಗಿನವರು ಕೇಳಬೇಕು. ತಿರುಗಿ ಮಾತಾಡುವ ಹಾಗಿಲ್ಲ. ಅಷ್ಟು ಒಳ್ಳೆ ಸಂಗೀತ, ನಾಟಕ, ಕೃಷಿರಂಗ ಎಲ್ಲ ಕೊಟ್ಟ ಆ ಪೆಟ್ಟಿಗೆಯೊಳಗಿನ ಕನ್ನಡ ಯಾವ ಮನೆಯ ಕನ್ನಡವಾಗಿತ್ತು? ನನ್ನ ಅವ್ವ ಆಡುವ ಕನ್ನಡ ಅಲ್ಲಿ ಕೇಳಿಸಿದರೆ ಅದು ನಾಟಕದ ಆಳಿನ ಬಾಯಲ್ಲಿ, ನಗಿಸುವುದಕ್ಕೆ. ಮಲ್ಲೇಶ್ವರದ ಹಿರಿಯರು ಶುದ್ಧ ಅಂದದ್ದು ಇದನ್ನೇ.

೩

ಟೀವಿಯ ಮಾತಿಗೆ ಬರೋಣ.

ಬೆಂಗಳೂರಿಗೆ ದೂರದರ್ಶನ ಬಂದದ್ದು ೧೯೮೧ರಲ್ಲಿ. ಅದಕ್ಕೂ ಮುಂಚೆ ಕರ್ನಾಟಕದ ಜನ ಟೀವಿ ನೋಡಿದ್ದರು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರು ಬೆಂಗಳೂರಿನವರಲ್ಲ. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಯವರು. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ಟೀವಿ ತೋರಿಸಿದರು. ಅದರ ಹೆಸರು ಸೈಟ್. ಹತ್ತು ಅಡಿ ಅಗಲದ ಕೋಳಿಬಲೆಯ ತಂತಿಯ ಛತ್ರಿ, ಶಾಲೆಯಲ್ಲೋ ಪಂಚಾಯ್ತಿ ಕಟ್ಟಡದಲ್ಲೋ ಒಂದು ಪೆಟ್ಟಿಗೆ, ಮುಂದೆ ಇಡೀ ಊರು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಯಾರದೋ ಪಡಸಾಲೆಯಲ್ಲಿಡದೆ ಸಾರ್ವಜನಿಕ ಜಾಗದಲ್ಲಿ ಇಟ್ಟದ್ದರಿಂದ ಅದು ನನಗೆ ಇವತ್ತಿಗೂ ಮೆಚ್ಚುಗೆಯ ಟೀವಿ. ಯಾರ ಅಪ್ಪನ ಮನೆಯದೂ ಅಲ್ಲದ ಟೀವಿ ಈ ದೇಶದಲ್ಲಿ ಒಂದು ವರ್ಷ ಇತ್ತು. ಆಮೇಲೆ ಉಪಗ್ರಹ ವಾಪಸು ಹೋಯಿತು.

ಆದರೆ ಆ ವರ್ಷ ಯಾವುದು ಅನ್ನುವುದನ್ನೂ ಮರೆಯಬಾರದು. ತುರ್ತುಪರಿಸ್ಥಿತಿ ಬಂದು ಇನ್ನೂ ತಿಂಗಳೊಪ್ಪತ್ತು. ಆಕಾಶದಿಂದ ಸರ್ಕಾರ ಮಾತಾಡುತ್ತಿತ್ತು, ನೆಲದ ಮೇಲೆ ಮಾತಾಡಿದವರು ಜೈಲಿನಲ್ಲಿದ್ದರು. ಗೊಬ್ಬರ ಹಾಕುವುದು ಹೇಗೆ ಅಂತ ಉಪಗ್ರಹ ಹೇಳಿತು. ಹೊಲ ಇಲ್ಲದವನು ಗೊಬ್ಬರ ಎಲ್ಲಿಗೆ ಹಾಕಬೇಕು ಅಂತ ಕೇಳಲು ದಾರಿ ಇರಲಿಲ್ಲ. ಅದೇ ವರ್ಷ, ೧೯೭೫ರಲ್ಲಿ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಆ ಹಾಡುಗಳಿಗೆ ಉಪಗ್ರಹ ಇರಲಿಲ್ಲ, ರೇಡಿಯೋ ಇರಲಿಲ್ಲ. ಬಾಯಿಂದ ಬಾಯಿಗೆ, ಹಾಸ್ಟೆಲಿನಿಂದ ಹಾಸ್ಟೆಲಿಗೆ, ಮೆರವಣಿಗೆಯಿಂದ ಮೆರವಣಿಗೆಗೆ ಹೋದವು. ಯಾವುದು ಹೆಚ್ಚು ದೂರ ಹೋಯಿತು? ಓದುಗರೇ ಹೇಳಲಿ.

ಈಗ ನನ್ನ ಟೀವಿ. ನಮ್ಮ ಕೇರಿಯಲ್ಲಿ ಆಗ ಟೀವಿ ಇರಲಿಲ್ಲ. ಹಳಿ ದಾಟಿದರೆ ಮಲ್ಲೇಶ್ವರ, ಅಲ್ಲಿ ಇತ್ತು. ನಾವು ನಾಲ್ಕು ಜನ ಹುಡುಗರು ಸಂಜೆ ಹೋಗಿ ಒಂದು ಮನೆಯ ಕಿಟಕಿಯ ಹೊರಗೆ ನಿಲ್ಲುತ್ತಿದ್ದೆವು. ಆ ಮನೆಯ ತಾಯಿ ಕೆಟ್ಟವರಲ್ಲ. ಓಡಿಸಲಿಲ್ಲ, ಬೈಯಲಿಲ್ಲ. ಆದರೆ 'ಒಳಗೆ ಬನ್ರೋ' ಅನ್ನಲೂ ಇಲ್ಲ. ಒಂದು ದಿನ 'ಯಾರ ಮಕ್ಕಳಪ್ಪ ನೀವು, ಎಲ್ಲಿಯವರು?' ಅಂತ ಕೇಳಿದರು. ಹೇಳಿದೆವು. ಮತ್ತೆ ಕೇಳಲಿಲ್ಲ. ಕಿಟಕಿಯ ಸರಳುಗಳ ನಡುವೆ ನೋಡಿ ಅಭ್ಯಾಸವಾಗಿ, ನಾನು ಬಹಳ ದಿನದವರೆಗೆ ಟೀವಿಯ ಚಿತ್ರದಲ್ಲೇ ಉದ್ದುದ್ದ ಗೆರೆ ಇರುತ್ತದೆ ಅಂದುಕೊಂಡಿದ್ದೆ.

೧೯೮೭ರ ಜನವರಿಯಲ್ಲಿ 'ರಾಮಾಯಣ' ಶುರುವಾಯಿತು. ಭಾನುವಾರ ಬೆಳಿಗ್ಗೆ. ಆ ಮನೆಯಲ್ಲಿ ಟೀವಿಗೆ ಹೂವು, ಊದುಬತ್ತಿ. ಪೂಜೆಯ ಹೊತ್ತಲ್ಲವೆ, ಮಡಿ. ಕಿಟಕಿ ಮುಚ್ಚಿತು. ಅಷ್ಟರಲ್ಲಿ ನಾನು ಹೈಸ್ಕೂಲು ಮುಟ್ಟಿದ್ದೆ, ಆದರೂ ಆಸೆ ಬಿಡಲಿಲ್ಲ. ಮುಚ್ಚಿದ ಕಿಟಕಿಯ ಹೊರಗೆ ನಿಂತು ಬರೀ ಧ್ವನಿ ಕೇಳಿದೆ. ಇಡೀ ದೇಶಕ್ಕೆ ಟೀವಿಯಾದ ರಾಮಾಯಣ ನನಗೆ ರೇಡಿಯೋ ನಾಟಕವಾಯಿತು.

ಆ ಧಾರಾವಾಹಿಯ ಬಗ್ಗೆ ನಮ್ಮವರು ನೆನಪಿಡಬೇಕಾದ ಸಂಗತಿ ಒಂದಿದೆ. ೧೯೮೮ರಲ್ಲಿ ರಾಮನ ಪಟ್ಟಾಭಿಷೇಕಕ್ಕೆ ಕತೆ ಮುಗಿಸಲು ಹೊರಟಾಗ ಪಂಜಾಬಿನ ಜಲಂಧರಿನಲ್ಲಿ ಪೌರಕಾರ್ಮಿಕರು ಕಸ ತೆಗೆಯುವುದನ್ನು ನಿಲ್ಲಿಸಿದರು. ಅವರು ವಾಲ್ಮೀಕಿ ಸಮುದಾಯದವರು. ಲವಕುಶರ ಕತೆ, ಅಂದರೆ ತಮ್ಮ ವಾಲ್ಮೀಕಿಯ ಕತೆ ಬರಬೇಕು ಅಂತ ಹಟ ಹಿಡಿದರು. ಊರು ನಾರತೊಡಗಿತು. ಸರ್ಕಾರ ಮಣಿದು ಕತೆ ಮುಂದುವರಿಯಿತು. ಶ್ರೀರಾಂಪುರದ ಪೌರಕಾರ್ಮಿಕರ ಮನೆಗಳ ನಡುವೆ ಬೆಳೆದ ನನಗೆ ಇದು ಹೆಮ್ಮೆಯನ್ನೂ ಸಂಕಟವನ್ನೂ ಒಟ್ಟಿಗೆ ಕೊಡುವ ಸುದ್ದಿ. ಪೊರಕೆ ಕೆಳಗಿಟ್ಟರೆ ದಿಲ್ಲಿಯ ಟೀವಿಯೂ ಬಾಗುತ್ತದೆ ಅನ್ನುವುದು ಹೆಮ್ಮೆ. ಆ ಬಲದಿಂದ ಗೆದ್ದದ್ದು ಧಾರಾವಾಹಿಯನ್ನು, ಸಂಬಳವನ್ನಲ್ಲ ಅನ್ನುವುದು ಸಂಕಟ.

ಇನ್ನು 'ಒಂದೇ ಚಾನೆಲ್ಲಿನ ಶುದ್ಧ ಕಾಲ'. ೧೯೯೪ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರುಮಾಡಿತು. ಅದರ ವಿರುದ್ಧ ಎದ್ದ ಗಲಭೆಯಲ್ಲಿ ಇದೇ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಗ ಫೇಸ್‌ಬುಕ್ಕೂ ಇರಲಿಲ್ಲ, ವಾಟ್ಸಾಪೂ ಇರಲಿಲ್ಲ. ದ್ವೇಷ ಹಬ್ಬಿಸಲು ಹೊಸ ಯಂತ್ರವೇ ಬೇಕು ಅನ್ನುವವರು ಆ ಅಕ್ಟೋಬರನ್ನು ನೆನೆಯಬೇಕು. ಹಳೇ ಕಾಲ ಶುದ್ಧವಾಗಿತ್ತು ಅನ್ನುವವನು ಆ ಕಾಲದಲ್ಲಿ ಕಿಟಕಿಯ ಯಾವ ಕಡೆ ಇದ್ದ ಅಂತ ಮೊದಲು ವಿಚಾರಿಸಬೇಕು.

೪

ಅದೇ ೧೯೯೪ರಲ್ಲಿ ಉದಯ ಟೀವಿ ಬಂತು. ಕನ್ನಡಕ್ಕೆ ಖಾಸಗಿ ಚಾನೆಲ್ಲುಗಳ ಬಾಗಿಲು ತೆರೆಯಿತು. ಕೇಬಲ್ಲಿನವನು ಜಾತಿ ಕೇಳಲಿಲ್ಲ, ತಿಂಗಳ ದುಡ್ಡು ಕೇಳಿದ. ನಮ್ಮ ಕೇರಿಯ ಮನೆ ಮನೆಗೂ ವೈರು ಬಂತು. ಕಿಟಕಿಯ ಹೊರಗೆ ನಿಲ್ಲುವ ಕಾಲ ಮುಗಿಯಿತು ಅಂತ ಖುಷಿಪಟ್ಟೆವು. ಪೆಟ್ಟಿಗೆಯೊಳಗೆ ನೋಡಿದರೆ ನಾವು ಇನ್ನೂ ಹೊರಗೇ ಇದ್ದೆವು. ಸಂಜೆ ಆರರಿಂದ ಹತ್ತರವರೆಗೆ ನಮ್ಮ ಧಾರಾವಾಹಿಗಳನ್ನು ನೋಡಿ: ದೊಡ್ಡ ಮನೆ, ಕೂಡು ಕುಟುಂಬ, ರೇಷ್ಮೆ ಸೀರೆ, ತಾಳಿ, ಹರಕೆ, ಅತ್ತೆಯ ಒಳಸಂಚು. ಆ ಮನೆಯ ಕಕ್ಕಸು ತೊಳೆಯುವವರು ಯಾರು? ಆ ಮನೆಗೆ ಬಟ್ಟೆ ನೇಯ್ದವರು ಯಾರು? ಬೆಳಿಗ್ಗೆ ಟೀವಿ ಹಾಕಿದರೆ ಜ್ಯೋತಿಷಿ. ರಾಶಿ ಹನ್ನೆರಡು, ಪರಿಹಾರ ಹನ್ನೆರಡು. ಕೇರಿಗೆ ಪುರೋಹಿತನನ್ನು ಕರೆಸಿದರೂ ಬರುತ್ತಿರಲಿಲ್ಲ. ಈಗ ಕರೆಯದೆ ಬಂದು ನಮ್ಮ ನಡುಮನೆಯಲ್ಲೇ ಕೂತಿದ್ದಾನೆ. ಮೈಲಿಗೆ ಆಗುವುದಿಲ್ಲ, ನಡುವೆ ಗಾಜು ಇದೆಯಲ್ಲ.

ಇದರ ನಡುವೆ ೨೦೨೦ರ ಜುಲೈನಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ' ಬಂತು. ಬಾಬಾಸಾಹೇಬರ ಜೀವನದ ಧಾರಾವಾಹಿ. ಕೊರೋನಾ ಕಾಲ, ಎಲ್ಲರೂ ಮನೆಯಲ್ಲಿ. ಆಮೇಲೆ ನಡೆದದ್ದನ್ನು ಕನ್ನಡದ ಟೀವಿ ವಿಮರ್ಶಕರು ಸರಿಯಾಗಿ ಬರೆಯಲಿಲ್ಲ. ಹಳ್ಳಿ ಹಳ್ಳಿಯ ಕೇರಿ ಹುಡುಗರು ಚಂದಾ ಎತ್ತಿ ಆ ಧಾರಾವಾಹಿಗೆ ಫ್ಲೆಕ್ಸ್ ಕಟ್ಟಿದರು. ಸಿನಿಮಾ ನಟರಿಗೆ, ರಾಜಕಾರಣಿಗಳಿಗೆ ಫ್ಲೆಕ್ಸ್ ಕಟ್ಟುವುದು ನೋಡಿದ್ದೇವೆ. ಒಂದು ಧಾರಾವಾಹಿಗೆ ಜನ ತಮ್ಮ ದುಡ್ಡಿನಲ್ಲಿ ಊರ ಬಾಗಿಲಿಗೆ ಫ್ಲೆಕ್ಸ್ ಕಟ್ಟಿದ್ದು ಹೊಸದು. ಚಾನೆಲ್ಲಿನ ಮುಖ್ಯಸ್ಥರಿಗೆ ಬೆದರಿಕೆ ಕರೆಗಳು ಬಂದಾಗ ಫ್ಲೆಕ್ಸುಗಳು ಇನ್ನೂ ಹೆಚ್ಚಾದವು. ೧೯೨೦ರ ಜನವರಿ ೩೧ರಂದು ಬಾಬಾಸಾಹೇಬರು 'ಮೂಕನಾಯಕ' ಪತ್ರಿಕೆ ಶುರುಮಾಡಿದಾಗ, ದುಡ್ಡು ಕೊಡುತ್ತೇವೆಂದರೂ ಅದರ ಜಾಹೀರಾತನ್ನು 'ಕೇಸರಿ' ಪತ್ರಿಕೆ ಹಾಕಲಿಲ್ಲ. ಸರಿಯಾಗಿ ನೂರು ವರ್ಷಕ್ಕೆ ಅವರ ಮುಖ ನಮ್ಮ ಟೀವಿಗೆ ಬಂತು, ಜಾಹೀರಾತನ್ನು ಜನವೇ ಹಾಕಿದರು.

ನನ್ನ ಅವ್ವ ಆ ಧಾರಾವಾಹಿ ನೋಡಿ ಅತ್ತಳು. ಬಾಲಕ ಭೀಮನಿಗೆ ನೀರು ಕೊಡದ ದೃಶ್ಯ ಬಂದಾಗ, 'ನಿಮ್ಮಪ್ಪನಿಗೂ ಹಿಂಗೇ ಮಾಡಿದ್ರು ಕಣೋ' ಅಂದಳು. ಅಪ್ಪ ನಮಗೆ ಎಂದೂ ಹೇಳದಿದ್ದ ಕತೆ ಅವತ್ತು ಹೊರಗೆ ಬಂತು. ಇಷ್ಟು ಮಾಡಿದ ಟೀವಿಯನ್ನು ಕಸ ಅಂತ ನಾನು ಹೇಗೆ ಅನ್ನಲಿ?

ಆದರೂ ವಿಮರ್ಶೆಯ ಕೆಲಸ ಅಳುವುದರಲ್ಲಿ ಮುಗಿಯುವುದಿಲ್ಲ. ಒಂದು, ಇದನ್ನು ಕನ್ನಡದ ಚಾನೆಲ್ಲು ತಾನಾಗಿ ತಯಾರಿಸಲಿಲ್ಲ. ಹಿಂದಿಯಲ್ಲಿ ೨೦೧೯ರ ಕೊನೆಗೆ ಶುರುವಾದದ್ದನ್ನು ಡಬ್ ಮಾಡಿ ತಂದರು. ಡಬ್ಬಿಂಗ್ ಬಂದರೆ ಕನ್ನಡ ಸಂಸ್ಕೃತಿ ಹಾಳಾಗುತ್ತದೆ ಅಂತ ಚಿತ್ರರಂಗದವರೂ ಟೀವಿಯವರೂ ದಶಕಗಟ್ಟಲೆ ಅಡ್ಡ ನಿಂತಿದ್ದರು. ೨೦೧೫ರಲ್ಲಿ ಸ್ಪರ್ಧಾ ಆಯೋಗ ಅದರ ವಿರುದ್ಧ ತೀರ್ಪು ಕೊಟ್ಟಿತು. ಆ ಬೇಲಿ ಮುರಿಯದಿದ್ದರೆ ಅಂಬೇಡ್ಕರ್ ಕನ್ನಡ ಟೀವಿಗೆ ಈ ದಾರಿಯಲ್ಲಿ ಬರುತ್ತಿರಲಿಲ್ಲ. ಯಾರ ಸಂಸ್ಕೃತಿಗೆ ಬೇಲಿ ಅನ್ನುವ ಪ್ರಶ್ನೆ ಇಲ್ಲೂ ಇದೆ. ಎರಡು, ಧಾರಾವಾಹಿ ಬಾಬಾಸಾಹೇಬರನ್ನು ತೋರಿಸಿದ್ದು ಪುರಾಣದ ಬಾಲಕೃಷ್ಣನನ್ನು ತೋರಿಸುವ ಧಾಟಿಯಲ್ಲೇ. ಹಿನ್ನೆಲೆ ಸಂಗೀತ, ನಿಧಾನಕ್ಕೆ ಏರುವ ಮುಖ, ಪವಾಡದ ಹಾಗೆ ಬರುವ ಉತ್ತರ. ಅವರು ರಾತ್ರಿಯೆಲ್ಲ ಕೂತು ಓದಿದ್ದರ ಫಲವಾದ ವಾದ ಅಲ್ಲಿ ವರವಾಗಿ ಕಾಣುತ್ತದೆ. ೧೯೪೯ರ ನವೆಂಬರ್ ೨೫ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ರಾಜಕೀಯದಲ್ಲಿ ವ್ಯಕ್ತಿಪೂಜೆ ಪತನಕ್ಕೆ ದಾರಿ ಎಂದು ಎಚ್ಚರಿಸಿದ್ದರು. ಆ ಎಚ್ಚರಿಕೆ ಕೊಟ್ಟವರಿಗೇ ಟೀವಿ ಊದುಬತ್ತಿ ಹಚ್ಚಿಸಿತು. ಅವ್ವ ಟೀವಿಗೆ ಕೈಮುಗಿದಳು. ಆ ಮಲ್ಲೇಶ್ವರದ ತಾಯಿಯೂ ೧೯೮೭ರಲ್ಲಿ ಮುಗಿದಿದ್ದರು. ಕೈಮುಗಿಯುವ ಕಾರಣ ಬೇರೆ ಬೇರೆ, ನಾನು ಬಲ್ಲೆ. ಆದರೆ ಮುಗಿಸಿಕೊಂಡ ಪೆಟ್ಟಿಗೆ ಒಂದೇ.

೫

ಬ್ಲಾಗು, ಫೇಸ್‌ಬುಕ್ಕುಗಳಿಗೆ ಬಂದರೆ ನಾನು ಬರೀ ನೋಡುಗನಲ್ಲ, ಪಾಲುಗಾರ.

೨೦೦೦ದ ಮಾರ್ಚ್ ೧೧ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಆಗ ನಮಗೆ ಸುದ್ದಿ ಅಂದರೆ ಪತ್ರಿಕೆ. ಪತ್ರಿಕೆ ಎಷ್ಟು ಕೊಟ್ಟರೆ ಅಷ್ಟು. ೨೦೦೬ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ಭೋತಮಾಂಗೆ ಕುಟುಂಬದ ನಾಲ್ವರನ್ನು ಕೊಂದರು. ದೊಡ್ಡ ಪತ್ರಿಕೆಗಳಿಗೂ ಚಾನೆಲ್ಲುಗಳಿಗೂ ಅದು ಸುದ್ದಿಯಾಗಲು ವಾರಗಳು ಹಿಡಿದವು. ಅಷ್ಟರಲ್ಲಿ ದಲಿತ ಹುಡುಗ ಹುಡುಗಿಯರು ಇ-ಮೇಲಿನಲ್ಲಿ, ಬ್ಲಾಗುಗಳಲ್ಲಿ ಅದನ್ನು ದೇಶಕ್ಕೆ ಹಂಚಿದ್ದರು. ನಾನೂ ಆ ಕಾಲದಲ್ಲೇ ಒಂದು ಬ್ಲಾಗು ಶುರುಮಾಡಿದೆ. ಸಂಪಾದಕ ಇಲ್ಲ, 'ಭಾಷೆ ಸ್ವಲ್ಪ ತಿದ್ದಿಕೊಳ್ಳಿ' ಅನ್ನುವ ಕಾಗದ ಇಲ್ಲ, ಅಂಚೆಚೀಟಿ ಇಲ್ಲ. ಅವ್ವನ ಕನ್ನಡದಲ್ಲೇ ಬರೆದೆ. ಮಳವಳ್ಳಿ ಕಡೆಯ ಒಬ್ಬ ಶಿಕ್ಷಕರು ಓದಿ, 'ಇದು ನಮ್ಮ ಮನೆ ಮಾತು ಸಾರ್' ಅಂತ ಉತ್ತರ ಬರೆದರು. ಆ ಒಂದು ಸಾಲಿಗೆ ನಾನು ರಾತ್ರಿ ನಿದ್ದೆ ಮಾಡಲಿಲ್ಲ.

೨೦೧೬ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ ಬಿಟ್ಟುಹೋದ ಪತ್ರ ಸಂಪಾದಕರ ಮೇಜು ಮುಟ್ಟುವ ಮೊದಲೇ ಲಕ್ಷಾಂತರ ಜನರ ಕೈಯಲ್ಲಿತ್ತು. ೨೦೨೩ರ ಆಗಸ್ಟಿನಲ್ಲಿ ಒಬ್ಬ ಹೆಸರಾಂತ ಕನ್ನಡ ನಟ ಫೇಸ್‌ಬುಕ್ಕಿನಲ್ಲಿ ನೇರ ಮಾತಾಡುತ್ತ ನಮ್ಮ ಕೇರಿಯ ಹೆಸರಿರುವ ಹಳೇ ಗಾದೆಯೊಂದನ್ನು ಎಳೆದು ತಂದರು. ಆ ಗಾದೆಯನ್ನು ನಾನು ಚಿಕ್ಕಂದಿನಲ್ಲಿ ತರಗತಿಯಲ್ಲೇ ಕೇಳಿದ್ದೇನೆ, ತಲೆ ತಗ್ಗಿಸಿ ಕೂತಿದ್ದೇನೆ. ಈ ಸಲ ನಮ್ಮ ಹುಡುಗರು ತಲೆ ತಗ್ಗಿಸಲಿಲ್ಲ. ಅದೇ ಫೇಸ್‌ಬುಕ್ಕಿನಲ್ಲಿ ತಿರುಗಿ ಕೇಳಿದರು. ವಿಡಿಯೋ ಹಿಂದಕ್ಕೆ ಹೋಯಿತು, ಕ್ಷಮೆ ಬಂತು, ಪೊಲೀಸಿನಲ್ಲಿ ದೂರೂ ದಾಖಲಾಯಿತು. 'ಪ್ರತಿಯೊಬ್ಬನೂ ಮಾತಾಡ್ತಾನೆ' ಅಂದರಲ್ಲ ಆ ಹಿರಿಯರು, ಪ್ರತಿಯೊಬ್ಬನೂ ಮಾತಾಡಿದರೆ ಆಗುವುದು ಇದು.

ಇಷ್ಟು ಹೇಳಿ ಜೈಭೀಮ್ ಅಂತ ಮುಗಿಸಿದರೆ ನಮ್ಮ ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಆದರೆ ಕತೆ ಮುಗಿದಿಲ್ಲ.

ನನ್ನ ಬ್ಲಾಗು ಈಗ ಇಲ್ಲ. ಜಾಗ ಕೊಟ್ಟಿದ್ದ ಕಂಪನಿ ಒಂದು ದಿನ ಅಂಗಡಿ ಮುಚ್ಚಿತು. ಮುಚ್ಚುವ ಮೊದಲು ಕಾಗದ ಕಳಿಸಿದ್ದರಂತೆ, ನಾನು ಬಿಟ್ಟುಬಿಟ್ಟಿದ್ದ ಹಳೇ ವಿಳಾಸಕ್ಕೆ. ಐದು ವರ್ಷದ ಬರಹ, ಆ ಮಳವಳ್ಳಿ ಮೇಷ್ಟ್ರ ಸಾಲು, ಎಲ್ಲ ಹೋಯಿತು. ಬರೆದದ್ದರ ಒಂದು ಪಾಲು ಕಂಪ್ಯೂಟರಿನಲ್ಲಿ ಉಳಿದಿತ್ತು. ಅದು ಯೂನಿಕೋಡ್ ಬರುವ ಮುಂಚಿನ ಫಾಂಟಿನಲ್ಲಿ ಟೈಪು ಮಾಡಿದ್ದು. ಈಗ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ನುಡಿ, ಬರಹ ಕಾಲದಲ್ಲಿ ಬರೆದವರಿಗೆಲ್ಲ ಈ ಸಂಕಟ ಗೊತ್ತು. ಬೇರೆಯವರದೂ ಇದೇ ಪಾಡು. ೨೦೧೪ರಲ್ಲಿ ಆರ್ಕುಟ್ ಮುಚ್ಚಿತು. ೨೦೨೦ರ ಜೂನಿನಲ್ಲಿ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಗಾರೆ ಕೆಲಸದವರು, ಹೊಲದ ಕೂಲಿಯವರು, ನಮ್ಮ ಶ್ರೀರಾಂಪುರದ ಹುಡುಗಿಯರು ಕುಣಿದು ಹಾಡಿದ್ದೆಲ್ಲ ಒಂದೇ ರಾತ್ರಿಗೆ ಮಾಯ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ದೇವರಾಜ ಅರಸರ ಕಾಲದಲ್ಲಿ, ೧೯೭೪ರಲ್ಲಿ, ಉಳುವವನೇ ಒಡೆಯ ಅನ್ನುವ ಕಾನೂನು ಬಂತು. ಗೇಣಿದಾರರು ೭ನೇ ನಮೂನೆ ತುಂಬಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಎಷ್ಟೋ ಕಡೆ ದಲಿತನಿಗೆ ಸಿಗಲಿಲ್ಲ. ಯಾಕೆ? ಅವನು ಗೇಣಿದಾರನೂ ಆಗಿರಲಿಲ್ಲ, ಕೂಲಿಯಾಗಿದ್ದ. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂಗಳಲ್ಲಿ ನಾವು ಬೆಳಿಗ್ಗೆಯಿಂದ ರಾತ್ರಿವರೆಗೆ ಉಳುತ್ತೇವೆ, ಬಿತ್ತುತ್ತೇವೆ. ನಮ್ಮ ನೋವು, ನಮ್ಮ ಸಿಟ್ಟು, ನಮ್ಮ ಜಗಳ ಎಲ್ಲ ಅಲ್ಲಿ ಬೆಳೆ. ನಾವು ನಾವೇ ಬಡಿದಾಡಿದರೆ ಇನ್ನೂ ಒಳ್ಳೆ ಬೆಳೆ. ಜನ ಹೆಚ್ಚು ಹೊತ್ತು ನಿಂತು ನೋಡಿದಷ್ಟೂ ಜಾಹೀರಾತಿನ ಕಾಸು. ಕಾಸು ಯಾರ ಕಣಜಕ್ಕೆ? ನಾಳೆ ಧಣಿ ಹೊಲ ಬಿಡಿಸಿದರೆ ಯಾವ ನ್ಯಾಯಮಂಡಳಿಗೆ ಯಾವ ನಮೂನೆ ತುಂಬೋಣ?

ಇನ್ನೊಂದು ಮಾತು, ಇದು ನಮ್ಮವರಿಗೇ. ಸುದ್ದಿ ಹಬ್ಬಿದರೆ ನ್ಯಾಯ ಸಿಕ್ಕಿತು ಅಂದುಕೊಳ್ಳುತ್ತೇವೆ. ಕಂಬಾಲಪಲ್ಲಿಗೆ ಸುದ್ದಿ ಕಡಿಮೆಯಾಗಿರಲಿಲ್ಲ. ಮಂತ್ರಿಗಳು ಬಂದರು, ಮೆರವಣಿಗೆಗಳಾದವು. ಆರೋಪಿಗಳು ೨೦೦೬ರಲ್ಲಿ ಖುಲಾಸೆಯಾದರು, ೨೦೧೪ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳ ಬೆನ್ನಿಗೆ ವರ್ಷಗಟ್ಟಲೆ ನಿಲ್ಲುವ ಕೆಲಸ ಯಾವ ಪರದೆಯಲ್ಲೂ ನಡೆಯುವುದಿಲ್ಲ. ಹುಡುಗರು ನನಗೆ ಕೋಪ ಮಾಡಿಕೊಳ್ಳಬಾರದು. ಒಂದು ಪೋಸ್ಟಿಗೆ ಐನೂರು ಜೈಭೀಮ್ ಬೀಳುತ್ತದೆ, ಭಾನುವಾರದ ಸಭೆಗೆ ಏಳು ಜನ ಬರುತ್ತೀರಿ.

೬

ಹಾಗಾದರೆ ಹಳತನ್ನು ಬಿಸಾಡೋಣವೆ, ಹೊಸತನ್ನು ಬಿಡೋಣವೆ? ಎರಡೂ ಅಲ್ಲ. ಹಳತಿನಲ್ಲಿ ನಮ್ಮದು ಯಾವುದು ಅಂತ ಹುಡುಕೋಣ.

ಸಿದ್ಧಲಿಂಗಯ್ಯನವರು ಮಾಗಡಿ ಕಡೆಯ ಮಂಚನಬೆಲೆಯಿಂದ ಬಂದು ಬೆಳೆದದ್ದು ಇದೇ ಶ್ರೀರಾಂಪುರದಲ್ಲಿ. ಅವರ 'ಊರುಕೇರಿ' ೧೯೯೬ರಲ್ಲಿ ಬಂದಾಗ ನಾವು ನಮ್ಮ ಓಣಿಗಳನ್ನು ಮೊದಲ ಸಲ ಅಚ್ಚಿನಲ್ಲಿ ನೋಡಿದೆವು. ಓದಲು ಜಾಗವಿಲ್ಲದ ಹುಡುಗ ಸ್ಮಶಾನದಲ್ಲಿ ಕೂತು ಓದಿದ್ದು, ಹಸಿವು, ಭಾಷಣ, ಜಗಳ, ನಗು ಎಲ್ಲ ಅಲ್ಲಿವೆ. ೨೦೨೧ರ ಜೂನ್ ೧೧ರಂದು ಕೊರೋನಾ ಅವರನ್ನು ಕೊಂಡೊಯ್ದಿತು. ಅಪ್ಪ ದುಡಿದ ರಾಜಾ ಮಿಲ್ಲಿನ ಜಾಗದಲ್ಲಿ ೨೦೧೦ರಲ್ಲಿ ದೊಡ್ಡ ಮಾಲ್ ಎದ್ದಿತು. ೨೦೧೪ರಿಂದ ನಮ್ಮ ತಲೆಯ ಮೇಲೆ ಮೆಟ್ರೋ ಓಡುತ್ತಿದೆ, ಒಂದು ನಿಲ್ದಾಣಕ್ಕೆ ಶ್ರೀರಾಂಪುರ ಅನ್ನುವ ಹೆಸರೂ ಇದೆ. ಮಿಲ್ಲಿನ ಕೂಗನ್ನು ಯಾರಾದರೂ ಟೇಪಿನಲ್ಲಿ ಹಿಡಿದಿಟ್ಟಿದ್ದಾರೆಯೆ? ನಾನು ಕೇಳಿದ ಯಾರ ಹತ್ತಿರವೂ ಇಲ್ಲ. ವಕೀಲರ ರೇಡಿಯೋ ಉಳಿದಿದೆ, ಅದರ ಲೈಸೆನ್ಸ್ ಪುಸ್ತಕವೂ ಉಳಿದಿದೆ. ನೂರಾರು ಕೂಲಿಗಳನ್ನು ದಿನಾ ಎಬ್ಬಿಸಿದ ಆ ಕೂಗು ಉಳಿಯಲಿಲ್ಲ. ನಮ್ಮ ಹಳತು ಹೀಗೆ. ವಸ್ತುವಾಗಿ ಉಳಿಯುವಷ್ಟು ದುಡ್ಡು ಅದಕ್ಕಿರಲಿಲ್ಲ.

ಉಳಿದದ್ದು ಸ್ವಲ್ಪ. ನನ್ನ ಟ್ರಂಕಿನಲ್ಲಿ ಒಬ್ಬ ಹಿರಿಯ ಕಾರ್ಯಕರ್ತರು ಕೊಟ್ಟ ಕ್ಯಾಸೆಟ್ಟುಗಳಿವೆ. ಎಂಬತ್ತರ ದಶಕದ ಬೀದಿ ಸಭೆಗಳು. ತಮಟೆ, ಹೋರಾಟದ ಹಾಡು, ನಡುವೆ ಮಗು ಅಳುವ ಸದ್ದು, ಒಬ್ಬಳು ತಮಿಳಿನಲ್ಲಿ ಬೈಯುವುದು, ಮತ್ತೆ ಕನ್ನಡದಲ್ಲಿ ಭಾಷಣ. ಇದು ಯಾವ ಆಕಾಶವಾಣಿಯ ಭಂಡಾರದಲ್ಲೂ ಇಲ್ಲ. ಕಳೆದ ಮಳೆಗಾಲದಲ್ಲಿ ತೆಗೆದು ನೋಡಿದೆ, ಟೇಪಿನ ಮೇಲೆ ಬಿಳಿ ಬೂಷ್ಟು. ಎರಡು ಕ್ಯಾಸೆಟ್ಟು ಪೂರ್ತಿ ಹೋಗಿವೆ. ಮೂರನೆಯದನ್ನು ಹತ್ತಿಯಿಂದ ಒರೆಸಿ, ಟೇಪ್‌ರೆಕಾರ್ಡರಿಗೆ ಹಾಕಿ, ಪಕ್ಕದ ಮನೆಯ ಹುಡುಗನನ್ನು ಕೂಗಿದೆ. ಅವನು ತನ್ನ ಫೋನಿಗೆ ಒಂದು ವೈರು ಸಿಕ್ಕಿಸಿ ಇಳಿಸಿಕೊಂಡ. ಹಾಡು ಬಂದಾಗ, 'ಮೇಷ್ಟ್ರೇ, ಇದರಲ್ಲಿ ಹಾಡ್ತಿರೋದು ನಮ್ಮಜ್ಜಿ ಅಲ್ವಾ?' ಅಂದ. ಹೌದು, ಅವರೇ. ಅವರು ತೀರಿಕೊಂಡು ಬಹಳ ವರ್ಷ ಆಯಿತು. ಹುಡುಗ ಅವರ ಧ್ವನಿ ಕೇಳಿದ್ದು ಅದೇ ಮೊದಲು.

ನನ್ನ ಟೇಪ್‌ರೆಕಾರ್ಡರು ಇಲ್ಲದಿದ್ದರೆ ಆ ಧ್ವನಿ ಏಳುತ್ತಿರಲಿಲ್ಲ. ಅವನ ಫೋನು ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಉಳಿಯುತ್ತಿರಲಿಲ್ಲ. ಅವತ್ತಿನಿಂದ ನಾನು ನನ್ನ ಹುಚ್ಚಿಗೆ ನಾಚುವುದನ್ನು ಬಿಟ್ಟೆ, ಅವನ ಫೋನನ್ನು ಬೈಯುವುದನ್ನೂ ಬಿಟ್ಟೆ.

ಒಂದೇ ಕಡೆ ಇಡಬಾರದು ಅನ್ನುವುದು ನನಗೆ ಬಂದ ಬುದ್ಧಿ. ೨೦೨೨ರಲ್ಲಿ ದೇವನೂರ ಮಹಾದೇವ ಅವರ ಪುಟ್ಟ ಪುಸ್ತಕ 'ಆರ್‌ಎಸ್‌ಎಸ್: ಆಳ ಮತ್ತು ಅಗಲ' ಬಂದಾಗ ಅದನ್ನು ಒಬ್ಬರೇ ಅಚ್ಚು ಹಾಕಲಿಲ್ಲ. ಬೇರೆ ಬೇರೆ ಸಣ್ಣ ಪ್ರಕಾಶಕರು ಒಟ್ಟಿಗೆ ಹಾಕಿದರು. ಪುಸ್ತಕದ ವಾದ ಒಪ್ಪುವುದು ಬಿಡುವುದು ಬೇರೆ. ದಾರಿಯನ್ನು ನೋಡಿ: ಕಾಗದದ ಪುಸ್ತಕ ಕೈಯಿಂದ ಕೈಗೆ ಹೋಯಿತು, ಅದರ ಸುದ್ದಿ ಫೋನಿನಿಂದ ಫೋನಿಗೆ ಹೋಯಿತು. ಒಂದು ಅಂಗಡಿ ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. ಸೈಕ್ಲೋಸ್ಟೈಲ್ ಕಾಲದ ನಮ್ಮ ಹಿರಿಯರು ಮಾಡಿದ್ದೂ ಇದೇ. ಕೈ ಬದಲಾದಷ್ಟೂ ಪ್ರತಿ ಉಳಿಯುತ್ತದೆ ಅಂತ ಅವರಿಗೆ ಗೊತ್ತಿತ್ತು.

ಹಳ್ಳಿಯ ಮೇಷ್ಟರುಗಳಿಗೆ, ಹಾಸ್ಟೆಲಿನ ವಿದ್ಯಾರ್ಥಿಗಳಿಗೆ ನನ್ನ ಬೇಡಿಕೆ ಚಿಕ್ಕದು. ನಿಮ್ಮ ಕೇರಿಯ ಹಳೇ ಹಾಡುಗಾರರ ಧ್ವನಿಯನ್ನು ಈ ವರ್ಷವೇ ಫೋನಿನಲ್ಲಿ ಹಿಡಿಯಿರಿ. ಹಿಡಿದದ್ದನ್ನು ಫೇಸ್‌ಬುಕ್ಕಿಗೆ ಹಾಕಿ ಮರೆಯಬೇಡಿ. ಇನ್ನೊಂದು ಪ್ರತಿಯನ್ನು ಶಾಲೆಯ ಕಂಪ್ಯೂಟರಿನಲ್ಲಿ, ಮತ್ತೊಂದನ್ನು ಬೇರೆ ಊರಿನ ಗೆಳೆಯನ ಹತ್ತಿರ ಇಡಿ. ಯಾರು, ಯಾವ ಊರು, ಯಾವ ದಿನ ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಒಳ್ಳೆಯ ಪೋಸ್ಟನ್ನು ಲೈಕ್ ಒತ್ತಿ ಬಿಡಬೇಡಿ. ಕೈಬರಹದಲ್ಲಿ ಇಳಿಸಿ ಹಾಸ್ಟೆಲಿನ ಗೋಡೆಗೆ ಅಂಟಿಸಿ. ಹಳೇ ಪತ್ರಿಕೆಯ ಕಟ್ಟು ಗುಜರಿಗೆ ಹೋಗುವ ಮುಂಚೆ ಒಂದು ಸಲ ಬಿಚ್ಚಿ ನೋಡಿ.

ಮಲ್ಲೇಶ್ವರದ ಹಿರಿಯರಿಗೆ ಹೇಳಿಕಳಿಸಿದ್ದೇನೆ, ಮುಂದಿನ ಸಲ ನಮ್ಮ ಮನೆಯಲ್ಲಿ ಸೇರೋಣ ಅಂತ. ಗ್ರಾಮಫೋನು ಇಲ್ಲ, ಆ ಮೂರನೇ ಕ್ಯಾಸೆಟ್ಟು ಇದೆ. ಬರುತ್ತೇನೆ ಅಂದಿದ್ದಾರೆ, ನೋಡೋಣ. ನೀವೂ ಬನ್ನಿ. ಭಾನುವಾರ ಮಧ್ಯಾಹ್ನದ ಮೇಲೆ ಮನೆಯಲ್ಲೇ ಇರುತ್ತೇನೆ. ಕ್ಯಾಸೆಟ್ಟು ಇದ್ದವರು ತನ್ನಿ, ಬೂಷ್ಟು ಹಿಡಿದಿದ್ದರೂ ಪರವಾಗಿಲ್ಲ, ಒರೆಸಿ ನೋಡೋಣ. ಕಿಟಕಿಯ ಹತ್ತಿರ ನಿಲ್ಲಬೇಡಿ, ನೇರ ಒಳಗೆ ಬನ್ನಿ.